ಎಷ್ಟು ವರ್ಷ ಕಾಯಬೇಕು?

ಹುಲಿಕೆರೆಯಿಂದಾಗಲಿ, ಬೇಲೂರು ಅರಸೀಕೆರೆಗಳಿಂದಾಗಲಿ ಮಗನನ್ನು ಬೆಂಗಳೂರಿನ ಕಾಲೇಜಿಗೆ ಕಳುಹಿಸಿದ ತಂದೆತಾಯಿಗಳಲ್ಲಿ ಒಂದು ಲೆಕ್ಕಾಚಾರವಿರುತ್ತದೆ. ಮೂರು ವರ್ಷಕ್ಕೆ ಪದವಿ, ಮರುವರ್ಷ ನೌಕರಿ, ಅನಂತರ ಮದುವೆ. ಈ ಲೆಕ್ಕದ ನಡುವೆ ಹುಡುಗ, “ನಾನು ಟೆನಿಸ್ ಆಡಿಯೇ ಜೀವಿಸುತ್ತೇನೆ” ಎಂದರೆ ಹಿರಿಯರ ಮುಖ ಬಾಡುವುದು ಸಹಜವೇ. ಆ ಹುಡುಗನಾದರೋ ತನ್ನ ಪರವಾಗಿ ರೋಹನ್ ಬೋಪಣ್ಣನವರ ಹೆಸರನ್ನು ಹೇಳಿಯೇ ಹೇಳುತ್ತಾನೆ. ಹೇಳಲಿ, ಆದರೆ ಆ ಕಥೆಯನ್ನು ಪೂರ್ತಿಯಾಗಿ ಕೇಳಬೇಕು.

ಬೋಪಣ್ಣನವರು ನಮ್ಮ ನೆರೆಯ ಕೊಡಗಿನ ಕಾಫಿ ಬೆಳೆಗಾರರ ಮಗ. 1980ರಲ್ಲಿ ಜನಿಸಿ, 11ನೆಯ ವಯಸ್ಸಿನಲ್ಲಿ ಟೆನಿಸ್ ಆರಂಭಿಸಿ, ಬೆಂಗಳೂರಿನ ಜೈನ್ ಕಾಲೇಜಿನಲ್ಲಿ ಓದಿದ ಅವರು 2003ರಲ್ಲಿ ವೃತ್ತಿಪರ ಆಟಗಾರರಾದರು. ಈ ವೃತ್ತಿಯಲ್ಲಿ ತಿಂಗಳ ಸಂಬಳವೆಂಬುದಿಲ್ಲ. ಪ್ರಯಾಣ, ವಸತಿ, ತರಬೇತುದಾರನ ವೆಚ್ಚ ಎಲ್ಲವೂ ಆಟಗಾರನ ತಲೆಯ ಮೇಲೆಯೇ, ಗೆದ್ದರುಂಟು ವರಮಾನ. ಜಗತ್ತಿನ ನಾಲ್ಕು ಮಹಾ ಪಂದ್ಯಾವಳಿಗಳ ಸಿಂಗಲ್ಸ್‌ಗೆ ನೇರ ಪ್ರವೇಶ ದೊರೆಯುವುದು ಸುಮಾರು ಮೊದಲ ನೂರು ಮಂದಿಗೆ. ಬೋಪಣ್ಣನವರು ಸಿಂಗಲ್ಸ್‌ನಲ್ಲಿ ಏರಿದ ಅತ್ಯುನ್ನತ ಸ್ಥಾನ 213.

ಇಲ್ಲಿಯೇ ಅವರ ವಿವೇಕ ಕಾಣುವುದು. ಅವರು ಆಟವನ್ನು ಬಿಡಲಿಲ್ಲ; ತಮಗೆ ಒಗ್ಗುವ ಆಟ ಯಾವುದೆಂದು ಕಂಡುಕೊಂಡರು. ಬಿರುಸಾದ ಸರ್ವ್ ಅವರನ್ನು ಡಬಲ್ಸ್‌ನಲ್ಲಿ ಮೇಲಕ್ಕೆ ತಂದಿತು. 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿಯವರೊಡನೆ ಅಮೆರಿಕನ್ ಓಪನ್ ಫೈನಲ್ ತಲುಪಿ ಸೋತರು. ಮೊದಲ ಮಹಾ ಪ್ರಶಸ್ತಿ, ಪ್ಯಾರಿಸ್ಸಿನ ಮಿಶ್ರ ಡಬಲ್ಸ್, ಕೈಗೂಡಿದ್ದು 2017ರಲ್ಲಿ, 37ರ ವಯಸ್ಸಿನಲ್ಲಿ. ಮೊಣಕಾಲು ಸವೆದು ನೋವು ಕಾಡಿದಾಗ ಅಯ್ಯಂಗಾರ್ ಯೋಗವನ್ನು ಅಭ್ಯಾಸ ಮಾಡಿದರು. 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡನ್ ಅವರೊಡನೆ ಆಸ್ಟ್ರೇಲಿಯನ್ ಓಪನ್ ಗೆದ್ದು, 43ರ ವಯಸ್ಸಿನಲ್ಲಿ ಡಬಲ್ಸ್‌ನ ಅಗ್ರಸ್ಥಾನಕ್ಕೇರಿದರು. ಅಷ್ಟು ವಯಸ್ಸಿನಲ್ಲಿ ಪ್ರಥಮ ಬಾರಿಗೆ ಆ ಸ್ಥಾನವನ್ನು ಪಡೆದ ಪುರುಷ ಮತ್ತೊಬ್ಬರಿಲ್ಲ. 2025ರಲ್ಲಿ ನಿವೃತ್ತಿ ಘೋಷಿಸಿದರು.

ಇನ್ನೊಂದು ದಾರಿಯೂ ಉಂಟು. 2010ರಲ್ಲಿ ಚೆನ್ನೈಯಲ್ಲಿ ಬ್ರೆಜಿಲ್ ವಿರುದ್ಧದ ಡೇವಿಸ್ ಕಪ್ ಪಂದ್ಯದಲ್ಲಿ ಬೋಪಣ್ಣನವರ ಜೊತೆಗಾರರಾಗಿದ್ದ ಸೋಮದೇವ್ ದೇವವರ್ಮನ್, ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾನಿಲಯದಲ್ಲಿ ಓದುತ್ತಲೇ ಆಡಿ, 2007 ಮತ್ತು 2008ರಲ್ಲಿ ಅಲ್ಲಿನ ಕಾಲೇಜುಗಳ ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೇಲೆಯೇ ವೃತ್ತಿಗೆ ಇಳಿದವರು. 2011ರಲ್ಲಿ 62ನೆಯ ಸ್ಥಾನಕ್ಕೇರಿದ ಅವರು 2017ರ ಹೊಸ ವರ್ಷದ ದಿನ, 31ರ ವಯಸ್ಸಿನಲ್ಲಿ ಆಟಕ್ಕೆ ವಿದಾಯ ಹೇಳಿದರು. ಅದನ್ನು ಸೋಲೆನ್ನುವವರು ಯಾರು? ಕಾಲೇಜಿನ ಓದು ಅವರ ಆಟಕ್ಕೆ ಅಡ್ಡಿಯಾಗಲಿಲ್ಲವೆಂಬುದನ್ನು ಮಾತ್ರ ಮರೆಯಬಾರದು.

ಒಬ್ಬ ಬೋಪಣ್ಣ ಗೆದ್ದರೆಂದು ಕಾದವರೆಲ್ಲರೂ ಗೆಲ್ಲುವುದಿಲ್ಲ. ಎಲ್ಲ ಮನೆಗಳಿಗೂ ಹಿಂದೆ ಕಾಫಿ ತೋಟವಿರುವುದಿಲ್ಲ. ಆದುದರಿಂದ ತಂದೆಯಾದವನು ವೆಚ್ಚದ ಮಿತಿಯನ್ನು ಮಗನಿಗೆ ಮುಚ್ಚುಮರೆಯಿಲ್ಲದೆ ತಿಳಿಸಲಿ. ಪದವಿಯನ್ನು ಮುಗಿಸುವಂತೆ ಹೇಳಲಿ. ಆದರೆ ಪ್ರತಿ ಬಾರಿ ಊರಿಗೆ ಬಂದಾಗ “ಏನು ಗೆದ್ದೆ?” ಎಂದು ಕೇಳುವುದು ಬೇಡ. “ಹೋದ ವರ್ಷಕ್ಕಿಂತ ಈ ವರ್ಷ ಏನು ಹೆಚ್ಚು ಕಲಿತೆ?” ಎಂದು ಕೇಳಲಿ. ಅದಕ್ಕೆ ಹುಡುಗನಲ್ಲಿ ನಿಜವಾದ ಉತ್ತರವಿರುವಷ್ಟು ಕಾಲ ಕಾಯುವುದು ವ್ಯರ್ಥವಲ್ಲ. ಉತ್ತರವಿಲ್ಲದ ದಿನ, ನಾವು ಹೇಳುವ ಮೊದಲೇ ಅವನಿಗೆ ತಿಳಿದಿರುತ್ತದೆ.