ಅಭಯಕ್ಕೆ ಆಯುಧವೇ ಆಸರೆಯೇ?

ಮನುಷ್ಯನು ಆಯುಧವನ್ನು ಕೈಗೆತ್ತಿಕೊಂಡುದು ಹಸಿವಿನಿಂದ ಮತ್ತು ಭಯದಿಂದ. ಹಸಿವಿಗಾಗಿ ಹಿಡಿದ ಆಯುಧಕ್ಕೆ ಹೊಟ್ಟೆ ತುಂಬಿದೊಡನೆ ವಿಶ್ರಾಂತಿ ದೊರೆಯುತ್ತದೆ. ಭಯಕ್ಕಾಗಿ ಹಿಡಿದ ಆಯುಧಕ್ಕೆ ಹಾಗಲ್ಲ. ನೆರೆಯವನ ಕೈಯಲ್ಲಿ ಅದಕ್ಕಿಂತ ಹಿರಿದಾದುದು ಕಂಡೊಡನೆ ತನ್ನಲ್ಲಿರುವುದು ಸಾಲದೆನಿಸುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಅರೆಸ್ವಯಂಚಾಲಿತ ರೈಫಲ್ಲನ್ನು ಕುರಿತು ಕೆಲವು ದಶಕಗಳಿಂದ ನಡೆದಿರುವ ವಾಗ್ವಾದದ ಮೂಲವು ಇಲ್ಲಿದೆಯೆಂಬುದು ನಮ್ಮ ಅಭಿಪ್ರಾಯ.

ದೂರದೇಶದ ಈ ಗೊಡವೆ ನಮಗೇಕೆಂದು ವಾಚಕರು ಕೇಳಬಹುದು. ಮಠದ ಪ್ರಸಾದನಿಲಯಗಳಲ್ಲಿ ಉಂಡು ಓದಿ ಬೆಳೆದವರಲ್ಲಿ ಅನೇಕರು ಇಂದು ಆ ದೇಶದಲ್ಲಿ ಸಂಸಾರ ಹೂಡಿದ್ದಾರೆ. ಅವರ ಮಕ್ಕಳು ಅಲ್ಲಿಯ ಶಾಲೆಗಳಲ್ಲಿ ಅಕ್ಷರ ಕಲಿಯುತ್ತಿದ್ದಾರೆ. ಬಂದೂಕುಧಾರಿಯೊಬ್ಬನು ಶಾಲೆಗೆ ನುಗ್ಗಿದರೆ ಬಾಗಿಲು ಮುಚ್ಚಿ ಸದ್ದಿಲ್ಲದೆ ಹೇಗೆ ಅಡಗಿರಬೇಕೆಂಬ ಪಾಠವನ್ನೂ ಅಕ್ಷರದ ಜೊತೆಗೇ ಕಲಿಯುತ್ತಿದ್ದಾರೆ. ಅಂಥ ತಂದೆತಾಯಂದಿರಿಗೆ ಮನೆಯಲ್ಲಿ ಇದನ್ನು ಇಡಬೇಕೇ ಬೇಡವೇ ಎಂಬುದು ಬರಿಯ ಚರ್ಚೆಯ ವಿಷಯವಲ್ಲ, ನಿತ್ಯಜೀವನದ ಪ್ರಶ್ನೆ. ಆದುದರಿಂದ ವಿಚಾರ ಮಾಡಲೇಬೇಕಾಗಿದೆ.

ಎದುರಾಳಿಯ ಮಾತನ್ನು ಅವನಷ್ಟೇ ಚೆನ್ನಾಗಿ ಹೇಳಬಲ್ಲವನಿಗೆ ಮಾತ್ರ ಅದನ್ನು ಖಂಡಿಸುವ ಅಧಿಕಾರವುಂಟೆಂಬುದು ನಮ್ಮ ಶಾಸ್ತ್ರಪದ್ಧತಿ. ಬಂದೂಕು ಇಟ್ಟುಕೊಂಡವರೆಲ್ಲರೂ ಮತಿಗೆಟ್ಟವರೆಂದು ಹೀಗಳೆಯುವುದು ಸುಲಭ, ಅದು ವಿಚಾರವಲ್ಲ. ಆದಕಾರಣ ಮೊದಲು ವಸ್ತುಸ್ವರೂಪವನ್ನೂ ಅನಂತರ ಪೂರ್ವಪಕ್ಷವನ್ನೂ ನಿರೂಪಿಸುತ್ತೇವೆ.

ಅರೆಸ್ವಯಂಚಾಲಿತವೆಂದರೆ ಒಮ್ಮೆ ಕುದುರೆಯನ್ನೆಳೆದರೆ ಒಂದೇ ಗುಂಡು ಹಾರುವ ಬಂದೂಕು. ಸಿಡಿದ ಮದ್ದಿನ ಅನಿಲದ ಬಲದಿಂದಲೇ ಖಾಲಿ ತೋಟೆ ಹೊರಬಿದ್ದು ಮುಂದಿನ ತೋಟೆ ತಾನಾಗಿ ಸ್ಥಾನಕ್ಕೆ ಬರುತ್ತದೆ. ಬೆರಳು ಮತ್ತೆ ಎಳೆಯುವುದೊಂದೇ ಉಳಿದ ಕೆಲಸ. ಕುದುರೆಯನ್ನು ಒತ್ತಿ ಹಿಡಿದಷ್ಟು ಕಾಲವೂ ಗುಂಡಿನ ಮಳೆಗರೆಯುವ ಯಂತ್ರಬಂದೂಕು ಬೇರೆ. ಅದನ್ನು ಅಮೆರಿಕದ ಕಾನೂನು 1934ರಲ್ಲಿ ಬಿಗಿಗೊಳಿಸಿತು. 1986ರಲ್ಲಿ ಹೊಸದಾಗಿ ತಯಾರಾದವು ನಾಗರಿಕರ ಕೈಸೇರುವುದನ್ನು ನಿಷೇಧಿಸಿತು. ಇಂದು ವಿವಾದಕ್ಕೆ ಗುರಿಯಾಗಿರುವ ಎ.ಆರ್.-15 ಎಂಬುದನ್ನು 1950ರ ದಶಕದ ಕೊನೆಯಲ್ಲಿ ಆರ್ಮಲೈಟ್ ಸಂಸ್ಥೆಯಲ್ಲಿದ್ದ ಯೂಜೀನ್ ಸ್ಟೋನರ್ ರೂಪಿಸಿದನು. ಎ.ಆರ್. ಎಂಬ ಅಕ್ಷರಗಳು ಆ ಸಂಸ್ಥೆಯ ಹೆಸರಿನವೇ ಹೊರತು ಆಕ್ರಮಣವನ್ನು ಸೂಚಿಸುವವಲ್ಲ. 1959ರಲ್ಲಿ ಹಕ್ಕುಗಳನ್ನು ಪಡೆದ ಕೋಲ್ಟ್ ಕಂಪನಿಯು ಇದರ ಸೇನಾರೂಪವಾದ ಎಂ-16 ಅನ್ನು ವಿಯೆಟ್ನಾಂ ಯುದ್ಧಕ್ಕೆ ಒದಗಿಸಿತು. ನಾಗರಿಕ ರೂಪವನ್ನು 1964ರಲ್ಲಿ ಮಾರಾಟಕ್ಕಿಟ್ಟಿತು. 1977ರಲ್ಲಿ ಮೂಲ ಪೇಟೆಂಟಿನ ಅವಧಿ ತೀರಿದ ಮೇಲೆ ಯಾರು ಬೇಕಾದರೂ ತಯಾರಿಸಬಹುದಾಯಿತು. ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯು ಇಪ್ಸಾಸ್ ಸಂಸ್ಥೆಯೊಡನೆ 2022ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಅಲ್ಲಿಯ ವಯಸ್ಕರಲ್ಲಿ ಸುಮಾರು ಇಪ್ಪತ್ತಕ್ಕೆ ಒಬ್ಬರು ಈ ಬಗೆಯ ಬಂದೂಕಿನ ಒಡೆಯರು.

ಇನ್ನು ಪೂರ್ವಪಕ್ಷ. ಈ ಒಡೆಯರು ಕೊಡುವ ಕಾರಣಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ಆತ್ಮರಕ್ಷಣೆ. 2023ರಲ್ಲಿ ಪ್ಯೂ ಸಂಶೋಧನ ಕೇಂದ್ರವು ವಿಚಾರಿಸಿದಾಗ ಬಂದೂಕಿನ ಒಡೆಯರಲ್ಲಿ ಶೇಕಡ 72 ಮಂದಿ ರಕ್ಷಣೆಯೇ ಪ್ರಧಾನ ಕಾರಣವೆಂದರು. ಒಂಟಿಮನೆಗೆ ಪೊಲೀಸರು ಬರುವುದು ತಡವಾಗುತ್ತದೆ. 1992ರಲ್ಲಿ ಲಾಸ್ ಏಂಜಲಿಸ್ ನಗರ ಹೊತ್ತಿ ಉರಿದಾಗ ಕೊರಿಯನ್ ಅಂಗಡಿಕಾರರನ್ನು ಕಾಯಲು ಯಾರೂ ಬರಲಿಲ್ಲ, ಅವರು ಮಾಳಿಗೆ ಹತ್ತಿ ತಾವೇ ಬಂದೂಕು ಹಿಡಿದು ನಿಂತರು ಎಂದು ಇವರು ನೆನಪಿಸುತ್ತಾರೆ. 2017ರ ನವೆಂಬರಿನಲ್ಲಿ ಟೆಕ್ಸಸ್ಸಿನ ಸದರ್ಲೆಂಡ್ ಸ್ಪ್ರಿಂಗ್ಸ್ ಎಂಬ ಹಳ್ಳಿಯ ಚರ್ಚಿನಲ್ಲಿ ಹತ್ಯಾಕಾಂಡ ನಡೆದಾಗ, ನೆರೆಮನೆಯವನೊಬ್ಬನು ಬರಿಗಾಲಿನಲ್ಲಿಯೇ ಓಡಿಬಂದು ತನ್ನ ಎ.ಆರ್.-15ರಿಂದ ಕೊಲೆಗಾರನನ್ನು ಎದುರಿಸಿ ಓಡಿಸಿದನು. ಇದು ನಡೆದ ಸಂಗತಿ, ಅಲ್ಲಗಳೆಯಲಾಗದು.

ಎರಡನೆಯದು ಉಪಯುಕ್ತತೆ. ಇದರ ತೂಕ ಸುಮಾರು 3 ಕಿಲೋಗ್ರಾಂ. ಹೆಗಲಿಗೆ ಒದೆತ ಕಡಿಮೆ. ಹಿಡಿಯ ಉದ್ದವನ್ನು ಆಳಿಗೆ ತಕ್ಕಂತೆ ಹೊಂದಿಸಿಕೊಳ್ಳಬಹುದು. ಬಿಡಿಭಾಗಗಳು ಎಲ್ಲೆಡೆ ದೊರೆಯುತ್ತವೆ. ಸ್ತ್ರೀಯರೂ ವೃದ್ಧರೂ ಸುಲಭವಾಗಿ ಬಳಸಬಲ್ಲರು. ಹೊಲಕ್ಕೆ ನುಗ್ಗುವ ಕಾಡುಹಂದಿಗಳ ಹಿಂಡನ್ನು ಓಡಿಸಲು ಟೆಕ್ಸಸ್ಸಿನ ರೈತನಿಗೆ ಒಂದು ಗುಂಡು ಸಾಲದು. ಮಲೆನಾಡಿನ ರೈತರಿಗೆ ಈ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೂರನೆಯದು ಅಭ್ಯಾಸ ಮತ್ತು ವಿನೋದ. ಸೇನೆಯಲ್ಲಿ ಎಂ-16 ಹಿಡಿದು ಬಂದವರಿಗೆ ಇದು ಪರಿಚಿತ ವಸ್ತು. ಗುರಿಯಿಡುವ ಸ್ಪರ್ಧೆಗಳಲ್ಲಿಯೂ ಇದೇ ಬಳಕೆಯಲ್ಲಿದೆ.

ನಾಲ್ಕನೆಯದು ಎಲ್ಲಕ್ಕಿಂತ ಗಂಭೀರವಾದುದು: ಪ್ರಭುತ್ವದ ಮೇಲಿನ ಅವಿಶ್ವಾಸ. 1791ರಲ್ಲಿ ಸಂವಿಧಾನಕ್ಕೆ ಸೇರಿದ ಎರಡನೆಯ ತಿದ್ದುಪಡಿಯು ಪ್ರಜೆಗೆ ಆಯುಧದ ಹಕ್ಕನ್ನು ಕೊಟ್ಟಿದೆ. ಬೇಲಿಯೇ ಎದ್ದು ಹೊಲ ಮೇಯತೊಡಗಿದರೆ ಒಕ್ಕಲಿಗನ ಕೈಯಲ್ಲಿ ಕೋಲಾದರೂ ಇರಬೇಡವೇ ಎಂಬುದು ಇವರ ವಾದ. 1946ರಲ್ಲಿ ಟೆನೆಸ್ಸಿಯ ಅಥೆನ್ಸ್ ಎಂಬ ಊರಿನಲ್ಲಿ ಮತಪೆಟ್ಟಿಗೆಗಳನ್ನು ಅಪಹರಿಸಿದ ಅಧಿಕಾರಿಗಳ ವಿರುದ್ಧ ಯುದ್ಧದಿಂದ ಮರಳಿದ್ದ ಯೋಧರು ಬಂದೂಕು ಹಿಡಿದುದನ್ನೂ, 2005ರ ಕತ್ರೀನಾ ಚಂಡಮಾರುತದ ಅನಂತರ ನ್ಯೂ ಆರ್ಲಿಯನ್ಸಿನಲ್ಲಿ ನಿರಪರಾಧಿಗಳ ಬಂದೂಕುಗಳನ್ನು ಕಿತ್ತುಕೊಂಡುದನ್ನೂ ಇವರು ಉದಾಹರಿಸುತ್ತಾರೆ. ಬ್ರಿಟಿಷರ ಆಯುಧಶಾಸನವನ್ನು ಗಾಂಧೀಜಿಯವರು ಕಟುವಾಗಿ ನಿಂದಿಸಿದುದನ್ನೂ ತಮ್ಮ ಪರವಾಗಿ ಬಳಸಿಕೊಳ್ಳುತ್ತಾರೆ.

ಇಷ್ಟು ಪೂರ್ವಪಕ್ಷ. ಇನ್ನು ಸಮಾಧಾನ.

ಉಪಯುಕ್ತತೆಯ ವಾದವನ್ನೇ ಮೊದಲು ತೆಗೆದುಕೊಳ್ಳೋಣ. ಹಗುರ, ಒದೆತವಿಲ್ಲದಿಕೆ, ಬೇಗ ಬೇಗ ಹಾರುವ ಗುಂಡು, ಮೂವತ್ತು ತೋಟೆಗಳ ಪೆಟ್ಟಿಗೆ, ಹೆಚ್ಚು ಶಿಕ್ಷಣ ಬೇಡದ ಸುಲಭತೆ: ಇವು ಇದರ ಗುಣಗಳು ತಾನೇ? ಈ ಗುಣಗಳು ಸಜ್ಜನನ ಕೈಯಲ್ಲಿ ಒಂದು ಬಗೆ, ದುರ್ಜನನ ಕೈಯಲ್ಲಿ ಇನ್ನೊಂದು ಬಗೆ ಆಗಲಾರವು. ವೃದ್ಧೆಗೆ ಸುಲಭವಾದುದು ಹದಿನೆಂಟರ ಹುಡುಗನಿಗೂ ಸುಲಭ. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ಟಿನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಎಳೆಯ ಮಕ್ಕಳೂ 6 ಮಂದಿ ಹಿರಿಯರೂ ಸತ್ತುದು ಈ ಬಗೆಯ ಬಂದೂಕಿನಿಂದ. 2017ರ ಅಕ್ಟೋಬರಿನಲ್ಲಿ ಲಾಸ್ ವೇಗಸ್ಸಿನಲ್ಲಿ ಒಬ್ಬನೇ ಮನುಷ್ಯನು ಹತ್ತೇ ನಿಮಿಷಗಳಲ್ಲಿ ಸಾವಿರಕ್ಕೂ ಹೆಚ್ಚು ಗುಂಡು ಹಾರಿಸಿದನು. 60 ಮಂದಿ ಪ್ರಾಣ ನೀಗಿದರು. ಅವನ ರೈಫಲ್ಲುಗಳಿಗೆ ಬಂಪ್ ಸ್ಟಾಕ್ ಎಂಬ ಉಪಕರಣವನ್ನು ಜೋಡಿಸಲಾಗಿತ್ತು. ಒದೆತದ ಬಲದಿಂದಲೇ ಬೆರಳಿಗೆ ಕುದುರೆಯನ್ನು ಮತ್ತೆ ಮತ್ತೆ ತಾಗಿಸುವ ಈ ಉಪಾಯವು ಅರೆಸ್ವಯಂಚಾಲಿತಕ್ಕೂ ಯಂತ್ರಬಂದೂಕಿಗೂ ಇದ್ದ ಅಂತರವನ್ನು ಅಳಿಸಿಬಿಟ್ಟಿತು. ಅದರ ಮೇಲಿನ ನಿಷೇಧವನ್ನು 2024ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವೇ ರದ್ದುಗೊಳಿಸಿತು.

ಆತ್ಮರಕ್ಷಣೆಯ ವಾದವೇನೋ ಹೃದಯಕ್ಕೆ ತಟ್ಟುವಂಥದು. ಆದರೆ ಸದರ್ಲೆಂಡ್ ಸ್ಪ್ರಿಂಗ್ಸಿನ ಕಥೆಯನ್ನು ಅರ್ಧಕ್ಕೆ ನಿಲ್ಲಿಸಬಾರದು. ಆ ಧೀರನ ಕೈಯಲ್ಲಿದ್ದ ಬಂದೂಕಿನ ಜಾತಿಯದೇ ಕೊಲೆಗಾರನ ಕೈಯಲ್ಲಿಯೂ ಇದ್ದಿತು. ಧೀರನು ಬರುವುದರೊಳಗೆ ಗರ್ಭಸ್ಥ ಶಿಶುವೂ ಸೇರಿ 26 ಜೀವಗಳು ಹೋಗಿದ್ದವು. ಹೆಂಡತಿಯನ್ನು ಹಿಂಸಿಸಿ ಸೇನಾನ್ಯಾಯಾಲಯದಿಂದ ಶಿಕ್ಷೆ ಪಡೆದಿದ್ದ ಆ ಕೊಲೆಗಾರನಿಗೆ ಬಂದೂಕು ಕೊಳ್ಳುವ ಹಕ್ಕೇ ಇರಲಿಲ್ಲ. ವಾಯುಸೇನೆಯು ಆ ವಿವರವನ್ನು ದಾಖಲೆಗೆ ಕಳಿಸದೆ ಹೋದುದರಿಂದ ಅಂಗಡಿಯವನು ಮಾರಿದನು. ಎಂದಮೇಲೆ ಆ ಘಟನೆಯ ಪಾಠ ಯಾವುದು? ಎಲ್ಲರಿಗೂ ಬಂದೂಕು ಬೇಕೆಂಬುದೇ, ಅಥವಾ ಸಲ್ಲದವನ ಕೈಗೆ ಸಲ್ಲಬಾರದೆಂಬುದೇ? 2022ರ ಮೇ 24ರಂದು ಟೆಕ್ಸಸ್ಸಿನ ಯುವಾಲ್ಡಿಯಲ್ಲಿ 19 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಹತರಾದ ದಿನ ಶಾಲೆಗೆ ಬಂದ ಅಧಿಕಾರಿಗಳು 376 ಮಂದಿ. ಶಿಕ್ಷಣ ಪಡೆದವರು, ಆಯುಧಪಾಣಿಗಳು. ಆದರೂ ಕೊಲೆಗಾರನನ್ನು ಎದುರಿಸುವುದಕ್ಕೆ 77 ನಿಮಿಷ ಬೇಕಾಯಿತು. ಒಳ್ಳೆಯವನ ಕೈಯಲ್ಲಿ ಬಂದೂಕಿದ್ದರೆ ಕೆಟ್ಟವನು ತಾನಾಗಿ ಅಡಗುವನೆಂಬ ಮಾತು ಅಂದು ಆ ಶಾಲೆಯ ಮೊಗಸಾಲೆಯಲ್ಲಿಯೇ ಸತ್ತಿತು. ಸತ್ತ ಮಕ್ಕಳಲ್ಲಿ ಕೆಲವರನ್ನು ತೊಟ್ಟ ಬಟ್ಟೆಯಿಂದಷ್ಟೇ ಗುರುತಿಸಬೇಕಾಯಿತೆಂದು ಆ ಊರಿನ ಮಕ್ಕಳ ವೈದ್ಯರು ಸಂಸತ್ತಿನ ಸಮಿತಿಯೆದುರು ಸಾಕ್ಷ್ಯ ನುಡಿದರು. ಈ ಗುಂಡು ಹಗುರವಾದರೂ ಅದರ ವೇಗ ಸೆಕೆಂಡಿಗೆ 900 ಮೀಟರುಗಳಿಗೂ ಮಿಗಿಲು.

ಇಲ್ಲೊಂದು ಆಕ್ಷೇಪವುಂಟು: ಅಲ್ಲಿಯ ಕೊಲೆಗಳಲ್ಲಿ ಹೆಚ್ಚಿನವು ಪಿಸ್ತೂಲಿನಿಂದ ಆಗತಕ್ಕವು, ರೈಫಲ್ಲಿನ ಪಾಲು ಅತ್ಯಲ್ಪ. ಇದು ಸತ್ಯ. 2023ರಲ್ಲಿ ಆ ದೇಶದಲ್ಲಿ ಗುಂಡಿನಿಂದ ಸತ್ತವರು ಸುಮಾರು 46,700 ಮಂದಿ. ಅವರಲ್ಲಿ ಸುಮಾರು 27,300 ಮಂದಿ ಆತ್ಮಹತ್ಯೆ ಮಾಡಿಕೊಂಡವರು. ಆದರೆ ಈ ಸತ್ಯವು ಯಾರ ಪಕ್ಷವನ್ನು ಬಲಪಡಿಸುತ್ತದೆ? ಕಳ್ಳನಿಗೆಂದು ಇಟ್ಟ ಬಂದೂಕು ಕಳ್ಳನನ್ನು ಕಾಣುವ ಮೊದಲು ಮನೆಯವರ ದುಃಖವನ್ನು ಕಾಣುತ್ತದೆಂದೇ ಅಲ್ಲವೇ? ಮನಸ್ಸು ಕದಡಿದ ಒಂದು ಗಳಿಗೆ ಹೇಗೋ ಕಳೆದರೆ ಮನುಷ್ಯ ಉಳಿಯುತ್ತಾನೆ. ಬಂದೂಕು ಆ ಗಳಿಗೆಯನ್ನು ಕಳೆಯಗೊಡುವುದಿಲ್ಲ. ಇನ್ನು ಸಂಖ್ಯೆಯಲ್ಲಿ ಅಲ್ಪವೆಂಬ ಕಾರಣಕ್ಕೆ ಶಾಲೆ, ಚರ್ಚು, ಸಂತೆ, ಸಭೆಗಳಲ್ಲಿ ನಡೆದ ಸಾಮೂಹಿಕ ಹತ್ಯೆಗಳನ್ನು ಬದಿಗಿಡಲಾಗದು. ಅವುಗಳಿಂದ ಸಾಯುವವರು ಹಲವರು, ಭಯಪಡುವವರು ಇಡೀ ಜನತೆ.

ಪ್ರಭುತ್ವದ ಮೇಲಿನ ಅವಿಶ್ವಾಸಕ್ಕೆ ಉತ್ತರ ಹೇಳುವುದು ಕನ್ನಡಿಗರಿಗೆ ಕಷ್ಟವಲ್ಲ. ಆಯುಧವನ್ನು ಒಪ್ಪಿಸಲೊಲ್ಲದೆ 1857ರಲ್ಲಿ ದಂಗೆಯೆದ್ದ ಹಲಗಲಿಯ ಬೇಡರನ್ನು ನಮ್ಮ ಲಾವಣಿಕಾರರು ಇಂದಿಗೂ ಹಾಡುತ್ತಾರೆ, ಹಾಡಲೂಬೇಕು. ಏಕೆಂದರೆ ಅಲ್ಲಿ ಆಯುಧವನ್ನು ಕೇಳಿದವರು ಪರಕೀಯರು. ಆ ಶಾಸನಕ್ಕೆ ಪ್ರಜೆಯ ಸಮ್ಮತಿಯಿರಲಿಲ್ಲ. ಗಾಂಧೀಜಿಯವರು 1918ರಲ್ಲಿ ಸೈನ್ಯಕ್ಕೆ ಜನರನ್ನು ಸೇರಿಸುತ್ತಿದ್ದಾಗ ಆಯುಧಶಾಸನವನ್ನು ನಿಂದಿಸಿದುದೂ ಈ ಅರ್ಥದಲ್ಲಿಯೇ. ಮುಂದೆ ಅವರು ಸಾಮ್ರಾಜ್ಯವನ್ನು ಎದುರಿಸಿದುದು ಬಂದೂಕಿನಿಂದಲ್ಲವೆಂಬುದನ್ನು ಅವರ ಮಾತನ್ನು ಉದ್ಧರಿಸುವವರು ಮರೆಯುತ್ತಾರೆ. ತಾವೇ ಆರಿಸಿದ ಸಭೆಯು ಮಾಡುವ ಕಟ್ಟಳೆಯನ್ನು ಪರಕೀಯರ ದಬ್ಬಾಳಿಕೆಗೆ ಸಮವೆನ್ನುವುದು ಪ್ರಜಾಪ್ರಭುತ್ವವನ್ನೇ ಅಲ್ಲಗಳೆದಂತೆ. ಅಥೆನ್ಸಿನ ಯೋಧರಲ್ಲಿಯೂ ಎ.ಆರ್.-15 ಇರಲಿಲ್ಲ, ಅವರನ್ನು ಗೆಲ್ಲಿಸಿದುದು ಒಗ್ಗಟ್ಟು ಮತ್ತು ನ್ಯಾಯ. ಆಯುಧದ ಹಕ್ಕು ವ್ಯಕ್ತಿಯದೆಂದು 2008ರ ಹೆಲ್ಲರ್ ತೀರ್ಪಿನಲ್ಲಿ ಸಾರಿದ ಸರ್ವೋಚ್ಚ ನ್ಯಾಯಾಲಯವು ಅದೇ ತೀರ್ಪಿನಲ್ಲಿ ಆ ಹಕ್ಕು ಮೇರೆಯಿಲ್ಲದ್ದಲ್ಲವೆಂದೂ ಹೇಳಿದೆ.

ಹೇಳದೆ ಉಳಿದ ಐದನೆಯ ಕಾರಣವೊಂದಿದೆ, ಅದು ವ್ಯಾಪಾರ. ಇಂಥ ಬಂದೂಕನ್ನು ಕೊಂಡರೆ ಗಂಡಸುತನಕ್ಕೆ ಪ್ರಮಾಣಪತ್ರ ದೊರೆತಂತೆ ಎಂಬರ್ಥದ ಜಾಹೀರಾತುಗಳು ಅಲ್ಲಿ ಅಚ್ಚಾದುದುಂಟು. ಸ್ಯಾಂಡಿ ಹುಕ್ಕಿನ ತಂದೆತಾಯಂದಿರು ಈ ಪ್ರಚಾರದ ವಿರುದ್ಧವೇ ದಾವೆ ಹೂಡಿದರು. 2022ರಲ್ಲಿ ರೆಮಿಂಗ್ಟನ್ ಕಂಪನಿಯ ವಿಮೆಗಾರರು 7 ಕೋಟಿ 30 ಲಕ್ಷ ಡಾಲರು ಕೊಡಲು ಒಪ್ಪಿ ವ್ಯಾಜ್ಯ ತೀರಿತು. ನಿಷೇಧದ ಸುದ್ದಿ ಹಬ್ಬಿದಾಗಲೆಲ್ಲ ಮಾರಾಟ ಏರುತ್ತದೆ. ಮಕ್ಕಳ ಮಸಣದ ಮಣ್ಣು ಆರುವ ಮೊದಲೇ ಅಂಗಡಿಯ ಮುಂದೆ ಸಾಲು ನಿಲ್ಲುವುದನ್ನು ಸ್ವಾತಂತ್ರ್ಯವೆಂದು ಕರೆಯಬೇಕೇ, ಭಯದ ದಾಸ್ಯವೆಂದು ಕರೆಯಬೇಕೇ, ಪ್ರಾಜ್ಞರೇ ಹೇಳಲಿ.

ಹಾಗಾದರೆ ಬಂದೂಕೇ ಕೂಡದೆಂದು ನಾವು ಹೇಳುತ್ತೇವೆಯೇ? ಇಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಿಗೆಯಿಂದ ವಿನಾಯಿತಿಯುಂಟು. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಯಿತು. ಕೈಲ್‌ಪೊಳ್ದಿನಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ. ಹುಟ್ಟು ಸಾವುಗಳನ್ನು ಅದರ ಸದ್ದೇ ಊರಿಗೆ ಸಾರುತ್ತದೆ. ಅಲ್ಲಿ ಕೋವಿ ಒಕ್ಕದ ಮರ್ಯಾದೆಗೆ ಒಳಪಟ್ಟಿದೆ, ಒಂಟಿ ಮನುಷ್ಯನ ಭಯಕ್ಕಲ್ಲ. ಆಯುಧವು ಮರ್ಯಾದೆಗೆ ಒಳಪಟ್ಟಿರಬೇಕು. ಮರ್ಯಾದೆಯಿಲ್ಲದೆಡೆ ಕಾನೂನಿಗಾದರೂ ಒಳಪಟ್ಟಿರಬೇಕು. 1996ರಲ್ಲಿ ಪೋರ್ಟ್ ಆರ್ಥರಿನಲ್ಲಿ 35 ಮಂದಿ ಹತರಾದ ಮೇಲೆ ಆಸ್ಟ್ರೇಲಿಯವೂ, 2019ರಲ್ಲಿ ಕ್ರೈಸ್ಟ್‌ಚರ್ಚಿನಲ್ಲಿ 51 ಮಂದಿ ಹತರಾದ ಮೇಲೆ ನ್ಯೂಜಿಲೆಂಡೂ ಈ ಬಗೆಯ ಬಂದೂಕುಗಳನ್ನು ನಾಗರಿಕರಿಂದ ಹಣ ಕೊಟ್ಟು ಹಿಂಪಡೆದವು. ಅವೂ ಪ್ರಜಾಪ್ರಭುತ್ವಗಳೇ, ಅಲ್ಲಿಯ ಪ್ರಜೆಗಳು ಇದರಿಂದ ದಾಸರಾಗಲಿಲ್ಲ. ಅಮೆರಿಕವೂ 1994ರಿಂದ 2004ರವರೆಗೆ ಇಂಥ ಹೊಸ ಬಂದೂಕುಗಳ ಮಾರಾಟಕ್ಕೆ ತಡೆಯೊಡ್ಡಿತ್ತು. ಅವಧಿ ಮುಗಿದಾಗ ಶಾಸನವನ್ನು ಮುಂದುವರಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಆ ದೇಶದ ಶಾಸನವನ್ನು ಆ ದೇಶದವರೇ ಮಾಡಬೇಕು. ಅಲ್ಲಿ ಪೌರತ್ವ ಪಡೆದು ಮತ ಹಾಕುವ ನಮ್ಮ ಹಳೆಯ ವಿದ್ಯಾರ್ಥಿಗಳು ಮಾತ್ರ ಈ ವಿಷಯದಲ್ಲಿ ಮೌನವಾಗಿರಬಾರದು. ಶಿಕ್ಷಣವಿಲ್ಲದವನಿಗೆ ವಾಹನದ ಪರವಾನಿಗೆ ಕೊಡದ ನಾಡು ಶಿಕ್ಷಣವಿಲ್ಲದವನಿಗೆ ಮೂವತ್ತು ಗುಂಡಿನ ಬಂದೂಕನ್ನು ಹೇಗೆ ಕೊಡುತ್ತದೆಂದು ಅವರು ಕೇಳಬೇಕು. ಈಗಾಗಲೇ ಮನೆಯಲ್ಲಿ ಬಂದೂಕು ಇಟ್ಟವರು ಗುಂಡನ್ನೂ ಬಂದೂಕನ್ನೂ ಬೇರೆ ಬೇರೆ ಬೀಗದೊಳಗಿಡಲಿ. ಮನೆಯಲ್ಲಿ ಯಾರಾದರೂ ಖಿನ್ನರಾಗಿದ್ದರೆ ಅದನ್ನು ಮನೆಯಿಂದಲೇ ಹೊರಗಿಡಲಿ. ಕೊಳ್ಳಬೇಕೆಂದಿರುವವರು ತಮ್ಮನ್ನು ತಾವು ಒಂದು ಪ್ರಶ್ನೆ ಕೇಳಿಕೊಳ್ಳಲಿ: ನೆರೆಮನೆಯವರ ಹೆಸರು ನನಗೆ ಗೊತ್ತೇ? ಗೊತ್ತಿಲ್ಲವಾದರೆ ಅಂಗಡಿಗೆ ಹೋಗುವ ಮುನ್ನ ಆ ಬಾಗಿಲನ್ನು ತಟ್ಟಲಿ. ಅಭಯವು ಕೊಳ್ಳುವುದರಿಂದ ದೊರೆಯತಕ್ಕದ್ದಲ್ಲ. ಒಬ್ಬರಿಗೊಬ್ಬರು ಕೊಡುವುದರಿಂದ ಮಾತ್ರ ದೊರೆಯತಕ್ಕದ್ದು.