ಓಟದ ವಿಡಿಯೋ ಕೊಡುವ ತೀರ್ಪನ್ನು ಎಷ್ಟು ನಂಬಬೇಕು?

ಪ್ರತಿ ಜನವರಿಯಲ್ಲಿ ನಡೆಯುವ ಮುಂಬಯಿ ಮ್ಯಾರಥಾನ್ 2004ರಲ್ಲಿ ಆರಂಭಗೊಂಡ ಬಳಿಕ ಮಹಾನಗರದ ಮಧ್ಯವಯಸ್ಕರಲ್ಲೂ ಓಟದ ಹವ್ಯಾಸ ಬೆಳೆದಿದೆ. ಓಡುವವರನ್ನು ವಿಡಿಯೋದಲ್ಲಿ ಸೆರೆಹಿಡಿದು, ಪರದೆಯ ಮೇಲೆ ಗೆರೆಗಳನ್ನೆಳೆದು, ‘ನಿಮ್ಮ ಶೈಲಿ ಸರಿಯಿಲ್ಲ’ ಎಂದು ತೀರ್ಪು ನೀಡುವ ಪದ್ಧತಿಯೂ ಜೊತೆಗೇ ಬಂದಿದೆ. ಈಗ ಮೊಬೈಲ್ ಆ್ಯಪ್‌ಗಳೇ ಈ ಕಾರ್ಯವನ್ನು ಮಾಡುತ್ತವೆ. ತೀರ್ಪನ್ನು ನಂಬಿ ಓಟದ ರೀತಿಯನ್ನು ಬದಲಿಸಿದರೆ ಅದರ ಪರಿಣಾಮವನ್ನು ಅನುಭವಿಸಬೇಕಾದುದು ನಮ್ಮ ಮೊಣಕಾಲು. ಆದುದರಿಂದ ಇದರ ಹಿಂದಿನ ವಿಜ್ಞಾನವನ್ನು ಅರಿಯುವುದು ಒಳಿತು.

1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ 12 ಕ್ಯಾಮೆರಾಗಳನ್ನು ಸಾಲಾಗಿಟ್ಟು, ಓಡುವ ಕುದುರೆಯ ನಾಲ್ಕೂ ಕಾಲುಗಳು ಒಂದು ಕ್ಷಣ ನೆಲವನ್ನು ಬಿಟ್ಟಿರುತ್ತವೆ ಎಂಬುದನ್ನು ಚಿತ್ರಗಳಲ್ಲಿ ತೋರಿಸಿದರು. ಬರಿಗಣ್ಣಿಗೆ ಕಾಣದುದನ್ನು ಕಾಣಿಸುವುದೇ ಈ ವಿದ್ಯೆಯ ಬಲ. ಸಾಧಾರಣ ಓಟದಲ್ಲಿ ಪಾದವು ಪ್ರತಿ ಹೆಜ್ಜೆಗೂ ಸುಮಾರು ಕಾಲು ಸೆಕೆಂಡು ಮಾತ್ರ ನೆಲದ ಮೇಲಿರುತ್ತದೆ. ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾಕ್ಕೆ ಅಷ್ಟರಲ್ಲಿ ಏಳೆಂಟು ಚಿತ್ರಗಳು ದೊರೆತರೆ, 240 ಚಿತ್ರ ತೆಗೆಯುವ ಕ್ಯಾಮೆರಾಕ್ಕೆ ಸುಮಾರು 60 ದೊರೆಯುತ್ತವೆ. ಕ್ಯಾಮೆರಾವನ್ನು ಓರೆಯಾಗಿ ಹಿಡಿದರೆ ಮಾತ್ರ ಕೋನದ ಅಳತೆಯೇ ತಪ್ಪಾಗುತ್ತದೆ.

ವಿಡಿಯೋಗೆ ಇನ್ನೊಂದು ಮಿತಿಯೂ ಇದೆ. ಓಡುವಾಗ ಪಾದದ ಮೇಲೆ ದೇಹತೂಕದ ಎರಡು ಪಟ್ಟಿಗೂ ಮೀರಿದ ಒತ್ತಡ ಬೀಳುತ್ತದೆ. ಅದನ್ನು ನೇರವಾಗಿ ಅಳೆಯಲು ನೆಲದಲ್ಲಿ ಅಳವಡಿಸಿದ ಉಪಕರಣ ಬೇಕು. ವಿಡಿಯೋದಿಂದ ಊಹಿಸಬಹುದಷ್ಟೆ.

‘ನಿಮಿಷಕ್ಕೆ 180 ಹೆಜ್ಜೆ’ ಎಂಬ ಜನಪ್ರಿಯ ನಿಯಮವನ್ನೇ ನೋಡೋಣ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ತರಬೇತುದಾರ ಜ್ಯಾಕ್ ಡೇನಿಯಲ್ಸ್ ಶ್ರೇಷ್ಠ ಓಟಗಾರರ ಹೆಜ್ಜೆಗಳನ್ನು ಎಣಿಸಿದ್ದರಿಂದ ಅದು ಪ್ರಚಾರಕ್ಕೆ ಬಂತು. ಅವರ ವೇಗವೇ ಬೇರೆ, ನಮ್ಮ ವೇಗವೇ ಬೇರೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ 45 ಹವ್ಯಾಸಿ ಓಟಗಾರರನ್ನು ಕುರಿತು ಪ್ರಕಟಿಸಿದ ಅಧ್ಯಯನ ನಮಗೆ ಹೆಚ್ಚು ಉಪಯುಕ್ತ. ಅದೇ ವೇಗದಲ್ಲಿ, ಅವರವರ ಸಹಜ ಹೆಜ್ಜೆಗಳ ಸಂಖ್ಯೆಯನ್ನು ಶೇ. 5ರಿಂದ 10ರಷ್ಟು ಹೆಚ್ಚಿಸಿದಾಗ ಮೊಣಕಾಲಿನ ಮೇಲಿನ ಹೊರೆ ತಗ್ಗಿತು. ಅಂದರೆ 160 ಹೆಜ್ಜೆ ಇಡುವವರು 168ಕ್ಕೆ ಏರಿದರೂ ಪ್ರಯೋಜನವುಂಟು.

ನೋಡಲು ಅಂದವಾದ ಓಟವೇ ಉತ್ತಮ ಓಟವೆಂದೂ ಹೇಳಲಾಗದು. ತಲೆಯಾಡಿಸುತ್ತಾ ಓಡುವುದಕ್ಕೆ ಹೆಸರಾಗಿದ್ದ ಪಾಲಾ ರ‍್ಯಾಡ್‌ಕ್ಲಿಫ್ 2003ರ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡುಗಳಲ್ಲಿ ಮುಗಿಸಿದರು. ಆ ವಿಶ್ವದಾಖಲೆ 2019ರವರೆಗೂ ಉಳಿಯಿತು.

ನೋವಿಲ್ಲದೆ ಓಡುವವರು ಯಂತ್ರದ ತೀರ್ಪಿಗೆ ಅಂಜಿ ಶೈಲಿಯನ್ನಾಗಲಿ ಶೂಗಳನ್ನಾಗಲಿ ಬದಲಿಸಬೇಕಾಗಿಲ್ಲ. ನೋವಿದ್ದವರು ಆ ವಿಡಿಯೋವನ್ನು ವೈದ್ಯರಿಗೋ ಫಿಸಿಯೋಥೆರಪಿಸ್ಟರಿಗೋ ತೋರಿಸಿ, ಒಂದೊಂದೇ ಬದಲಾವಣೆಯನ್ನು ನಿಧಾನವಾಗಿ ಮಾಡಿಕೊಳ್ಳುವುದು ಕ್ಷೇಮ.