ಅಂಪೈರ್ ತಮ್ಮ ಫೋಟೋ ನೋಡಬೇಕು

ಮಕ್ಕಳೇ, ಬೇಸ್‌ಬಾಲ್ ಆಟದ ಹೆಸರು ಕೇಳಿದ್ದೀರಾ? ಅಮೆರಿಕ ಮತ್ತು ಜಪಾನ್‌ನಲ್ಲಿ ಅದು ಬಹಳ ಜನಪ್ರಿಯ. ಅಲ್ಲಿ ಮುಖ್ಯ ಅಂಪೈರ್ ಚೆಂಡು ಹಿಡಿಯುವವನ ಹಿಂದೆ ಬಾಗಿ ನಿಲ್ಲುತ್ತಾರೆ. ಬ್ಯಾಟುಗಾರ ಹೊಡೆಯದೆ ಬಿಟ್ಟ ಚೆಂಡು, ನೆಲದಲ್ಲಿರುವ 17 ಅಂಗುಲ ಅಗಲದ ರಬ್ಬರ್ ಫಲಕದ ಮೇಲೆ, ಅವನ ಮೊಣಕಾಲಿಗೂ ಎದೆಗೂ ನಡುವಿನ ಎತ್ತರದಲ್ಲಿ ಹಾದುಹೋದರೆ ಅದು 'ಸ್ಟ್ರೈಕ್'. ಮೂರು ಸ್ಟ್ರೈಕ್ ಆದರೆ ಅವನು ಔಟ್! ವೇಗದ ಚೆಂಡು ಅರ್ಧ ಸೆಕೆಂಡಿನೊಳಗೇ ಬಂದುಬಿಡುತ್ತದೆ.

ಒಂದು ಕಣ್ಣು ಮುಚ್ಚಿ, ಬೆರಳನ್ನು ಮುಂದೆ ಹಿಡಿದು, ತಲೆಯನ್ನು ಅತ್ತಿತ್ತ ಸರಿಸಿ. ಬೆರಳು ಗೋಡೆಯ ಮೇಲೆ ಜಾಗ ಬದಲಿಸಿದಂತೆ ಕಾಣುತ್ತದೆ, ಅಲ್ಲವೇ? ಅಂಪೈರ್ ತಲೆ ಅಲುಗಿದರೂ ಹೀಗೆಯೇ. ಚೆಂಡು ಎಲ್ಲಿ ಹಾದುಹೋಯಿತೆಂಬ ಅಂದಾಜು ತಪ್ಪಬಹುದು. ಆಗ ಬ್ಯಾಟುಗಾರನಿಗೋ ಎಸೆದವನಿಗೋ ಅನ್ಯಾಯವಾಗುತ್ತದೆ.

"ನಾನು ಅಲುಗಲೇ ಇಲ್ಲ" ಎಂದು ಅಂಪೈರ್‌ಗೆ ಅನ್ನಿಸಬಹುದು. ಆದರೆ ನಮ್ಮ ತಲೆ ನಮಗೇ ಕಾಣದು! ಆದ್ದರಿಂದ ಪ್ರತಿಯೊಬ್ಬ ಅಂಪೈರ್ ತಮ್ಮ ಫೋಟೋ ತೆಗೆಸಿ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಕ್ಯಾಮೆರಾವನ್ನು ಕದಲಿಸದೆ ಪಕ್ಕದಿಂದ ಎರಡು ಫೋಟೋ ತೆಗೆದರೆ ಸಾಕು. ಚೆಂಡು ಎಸೆಯುವಾಗ ಒಂದು, ಅದು ಬಂದು ತಲುಪಿದಾಗ ಇನ್ನೊಂದು. ಎರಡರಲ್ಲೂ ತಲೆ ಒಂದೇ ಎತ್ತರದಲ್ಲಿದೆಯೇ? ಇಲ್ಲವಾದರೆ ಕಾಲುಗಳನ್ನು ಅಗಲಿಸಿ, ಗಟ್ಟಿಯಾಗಿ ನಿಂತು, ಮತ್ತೆ ಫೋಟೋ ತೆಗೆಸಿ ಹೋಲಿಸಬೇಕು.

ಕೊಟ್ಟ ತೀರ್ಪು ಸರಿಯೇ ಎಂದು ಈ ಫೋಟೋ ಹೇಳದು, ನಿಜ. ಆದರೆ ನಿಂತ ಭಂಗಿ ಸರಿಯೇ ಎಂದು ಖಂಡಿತ ತೋರಿಸುತ್ತದೆ.

ನೀವೂ ಕಣ್ಣು ಮುಚ್ಚಿ, ಎರಡೂ ಕೈಗಳನ್ನು ಪಕ್ಕಕ್ಕೆ ಸಮವಾಗಿ ಚಾಚಿ. ನಿಜಕ್ಕೂ ಸಮವಾಗಿವೆಯೇ ಎಂದು ಗೆಳೆಯರನ್ನು ಕೇಳಿ. ಇನ್ನೊಬ್ಬರ ಆಟಕ್ಕೆ ತೀರ್ಪು ಕೊಡುವವರು ಮೊದಲು ತಮ್ಮನ್ನು ನೋಡಿಕೊಳ್ಳಬೇಕಲ್ಲವೇ?